ಸೈಟಿಗೆ ಜನ ಬರ್ತಾರೆ, ಉಪ್ಪಿನಕಾಯಿ ಮಾತ್ರ ಹೋಗ್ತಿಲ್ಲ

ಪ್ರಶ್ನೆ: ಸರ್, ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಾನು, ನಮ್ಮ ಅತ್ತೆ, ಜೊತೆಗೆ ಊರಿನ ನಾಲ್ಕು ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು ಮಾಡಿ ಮಾರುತ್ತೇವೆ. ಎರಡು ವರ್ಷದ ಹಿಂದೆ 40 ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ತಿಂಗಳಿಗೆ ಸುಮಾರು 900 ಜನ ಬಂದು ನೋಡುತ್ತಾರೆ ಅಂತ ಲೆಕ್ಕ ತೋರಿಸುತ್ತದೆ. ಆರ್ಡರ್ ಬರುವುದು ಏಳೋ ಎಂಟೋ. ಫೋನ್ ಮಾಡಿದವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ತಗೊಳ್ತಾರೆ. ಈಗ ಒಬ್ಬರು "ಡಿಸೈನ್ ಹಳೇದಾಯ್ತು, ಪೂರ್ತಿ ಹೊಸದಾಗಿ ಮಾಡೋಣ, 75 ಸಾವಿರ ಆಗುತ್ತೆ" ಅಂತಿದ್ದಾರೆ. ಮಾಡಿಸಬೇಕಾ?

ಉತ್ತರ: ಬೇಡ. ಕನಿಷ್ಠ ಈ ವರ್ಷ ಬೇಡ. ಆ ದುಡ್ಡಲ್ಲಿ ಒಳ್ಳೆ ಬಾಟಲಿ, ಸೋರದ ಮುಚ್ಚಳ ತಗೊಳ್ಳಿ. ಉಳಿದದ್ದು ಬ್ಯಾಂಕಿನಲ್ಲಿ ಇರಲಿ.

ನಿಮ್ಮ ಪ್ರಶ್ನೆಯ ಒಳಗೇ ಉತ್ತರ ಕೂತಿದೆ ನೋಡಿ. ಫೋನ್ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ತಗೊಳ್ತಾರೆ ಅಂದಿರಲ್ಲ, ಹಾಗಿದ್ದರೆ ಸರಕಿನಲ್ಲಿ ದೋಷ ಇಲ್ಲ, ಬೆಲೆಯಲ್ಲೂ ಇಲ್ಲ. ಫೋನಿನಲ್ಲಿ ನೀವೋ ನಿಮ್ಮ ಅತ್ತೆಯೋ ಏನೋ ಹೇಳುತ್ತೀರಿ, ಅದನ್ನು ಕೇಳಿದ ಮೇಲೆ ಜನಕ್ಕೆ ಧೈರ್ಯ ಬರುತ್ತದೆ, ದುಡ್ಡು ಹಾಕುತ್ತಾರೆ. ಆ ಮಾತು ಸೈಟಿನಲ್ಲಿ ಎಲ್ಲೂ ಇಲ್ಲ. ಡಿಸೈನ್ ಬದಲಿಸಿದ ಮಾತ್ರಕ್ಕೆ ಅದು ಬಂದು ಕೂರುವುದಿಲ್ಲ.

ನೀವು ಕಳಿಸಿದ ಲಿಂಕನ್ನು ನನ್ನ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ತೆರೆದೆ. ಬೇಕಂತಲೇ ಹಳೇ ಫೋನ್, ಬೇಕಂತಲೇ ಮೊಬೈಲ್ ಡೇಟಾ. ಸೈಟ್ ಮಾಡುವವರು ತಮ್ಮ ಆಫೀಸಿನ ದೊಡ್ಡ ಪರದೆಯಲ್ಲಿ, ಫೈಬರ್ ಕನೆಕ್ಷನ್‌ನಲ್ಲಿ ನೋಡಿ "ಸೂಪರ್ ಆಗಿದೆ" ಅಂತಾರೆ, ಗಿರಾಕಿ ನೋಡುವುದು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು. ಮೊದಲು ಬಿಳಿ ಪರದೆ. ಆಮೇಲೆ ತಿರುಗುವ ಚಕ್ರ. ಹನ್ನೊಂದು ಸೆಕೆಂಡ್ ಆದ ಮೇಲೆ ಒಂದು ಹಸಿರು ಬೆಟ್ಟ, ಅದರ ಮೇಲೆ ಇಂಗ್ಲಿಷಿನಲ್ಲಿ 'ವೆಲ್‌ಕಮ್ ಟು ಅವರ್ ವೆಬ್‌ಸೈಟ್'. ಆ ಬೆಟ್ಟ ನಮ್ಮ ಕಡೆಯದ್ದೂ ಅಲ್ಲ, ಚಹಾ ತೋಟ ಕಾಣುತ್ತಿದೆ, ಎಲ್ಲಿಂದಲೋ ತಂದು ಹಾಕಿದ್ದಾರೆ. ಓದುವಷ್ಟರಲ್ಲಿ ಅದು ಸರಿದು ಇನ್ನೊಂದು ಬಂತು. ಅಷ್ಟರಲ್ಲಿ ನೋಟಿಫಿಕೇಶನ್ ಕಳಿಸಲಾ ಅಂತ ಒಂದು ಪೆಟ್ಟಿಗೆ ಹಾರಿ ಬಂತು. ಉಪ್ಪಿನಕಾಯಿ ಕಣ್ಣಿಗೆ ಬೀಳಲು ಬೆರಳಲ್ಲಿ ಮೂರು ಸಲ ತಳ್ಳಬೇಕಾಯ್ತು. ನಾನು ನಿಮ್ಮ ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು, ಅದಕ್ಕೆ ಕಾದೆ. ಬೇರೆಯವರಿಗೆ ಯಾವ ಹಂಗು?

ಹಾಗಂತ 900ರಲ್ಲಿ 8 ಅಂದಕೂಡಲೇ ಗಾಬರಿ ಆಗಬೇಡಿ. ಆ 900 ಜನ ಎಲ್ಲರೂ ಗಿರಾಕಿಗಳಲ್ಲ. ಅದರಲ್ಲಿ ನೀವಿದ್ದೀರಿ, ನಿಮ್ಮ ಯಜಮಾನರಿದ್ದಾರೆ, ನೆಂಟರಿದ್ದಾರೆ, ಸೈಟುಗಳನ್ನು ತಾವಾಗೇ ಜಾಲಾಡುವ ಒಂದಿಷ್ಟು ಯಂತ್ರಗಳೂ ಇರುತ್ತವೆ. ನೀವು ಕಳಿಸಿದ ಗೂಗಲ್ ಸರ್ಚ್ ಕನ್ಸೋಲ್ ಚಿತ್ರ ನೋಡಿ. ಜನ ಏನಂತ ಹುಡುಕಿ ನಿಮ್ಮ ಹತ್ತಿರ ಬಂದಿದ್ದಾರೆ ಅಂತ ಅಲ್ಲೇ ಸಾಲುಸಾಲಾಗಿ ಇದೆ. ಅರ್ಧಕ್ಕಿಂತ ಹೆಚ್ಚು ಮಂದಿ ಬಂದದ್ದು 'ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ವಿಧಾನ' ಅಂತ ಹುಡುಕಿ. ಅವರ ಮನೆಯಲ್ಲಿ ಮಿಡಿ ಇದೆ, ನಿಮ್ಮದು ಬೇಡ. ಅವರನ್ನು ಓಡಿಸಬೇಕಿಲ್ಲ, ಅವರು ಬಂದು ಇಳಿಯುವ ಆ ವಿಧಾನದ ಪುಟದ ಕೊನೆಗೆ 'ಮಿಡಿ ಸಿಗದಿದ್ದರೆ, ಹಾಕಲು ಪುರುಸೊತ್ತು ಇಲ್ಲದಿದ್ದರೆ ನಾವು ಹಾಕಿದ್ದು ಇದೆ' ಅಂತ ಒಂದು ಸಾಲು, ಒಂದು ಫೋಟೊ ಇಡಿ ಸಾಕು. ಲೆಕ್ಕದಲ್ಲಿ ಮಾತ್ರ ಅವರನ್ನು ಬದಿಗಿಟ್ಟು, 'ಅಪ್ಪೆಮಿಡಿ ಆನ್‌ಲೈನ್', 'ಜೀರಿಗೆ ಮಿಡಿ ಬೆಲೆ' ಅಂತ ಹುಡುಕಿ ಬಂದವರನ್ನು ಹಿಡಿಯಿರಿ. ಕೊಳ್ಳುವ ಮನಸ್ಸಿದ್ದವರು ಇವರು. ಇವರು ಬಂದು ಹಿಂದೆ ಹೋದರೆ ಅದು ನಿಜವಾದ ನಷ್ಟ.

ಈಗ ಕೆಲಸದ ಮಾತು. ಇವತ್ತು ಸಂಜೆ ಒಂದು ನೋಟ್‌ಬುಕ್ ತಗೊಳ್ಳಿ. ವಾಟ್ಸಾಪ್ ತೆರೆದು ಕಳೆದ ಮೂರು ತಿಂಗಳಲ್ಲಿ ಹೊಸ ಗಿರಾಕಿಗಳು ಏನೇನು ಕೇಳಿದ್ದಾರೆ ಅಂತ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಏನು ಕೇಳ್ತಾರೆ ಅಂತ ಅತ್ತೆಯವರನ್ನು ಕೇಳಿ, ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ನನ್ನ ಅಂದಾಜು ಹೇಳಲಾ? ಖಾರ ಎಷ್ಟಿರುತ್ತೆ? ಬೆಳ್ಳುಳ್ಳಿ ಹಾಕ್ತೀರಾ? ವಿನೆಗರ್, ಪ್ರಿಸರ್ವೇಟಿವ್ ಏನಾದ್ರೂ ಇದೆಯಾ? ಅರ್ಧ ಕೆಜಿಗೆ ಎಷ್ಟು ಮಿಡಿ ಬರುತ್ತೆ? ಮಿಡಿ ಮೆತ್ತಗಾಗಿದೆಯಾ, ಕಚ್ಚಿದರೆ ಕಟುಂ ಅನ್ನುತ್ತಾ? ಈ ವರ್ಷದ್ದಾ, ಹೋದ ವರ್ಷದ್ದಾ? ಫ್ರಿಜ್‌ನಲ್ಲಿ ಇಡಬೇಕಾ? ಕೊರಿಯರ್‌ನಲ್ಲಿ ಬಾಟಲಿ ಒಡೆಯಲ್ವಾ? ಬೆಂಗಳೂರಿಗೆ ಯಾವತ್ತು ಮುಟ್ಟುತ್ತೆ? ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಗೆ ಕಳಿಸ್ತೀರಾ?

ಈ ಹತ್ತು ಪ್ರಶ್ನೆಗೆ ನೀವು ದಿನಾ ಬಾಯಲ್ಲಿ ಉತ್ತರ ಕೊಡುತ್ತೀರಿ. ಸೈಟಿನಲ್ಲಿ ಇದಕ್ಕೆ ಬದಲಾಗಿ ಏನಿದೆ? 'ಪರಂಪರಾಗತ ರುಚಿ, ಅತ್ಯುತ್ತಮ ಗುಣಮಟ್ಟ, ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ.' ಈ ಸಾಲನ್ನು ತೆಗೆದು ಸಿಮೆಂಟ್ ಅಂಗಡಿಯ ಸೈಟಿಗೆ ಹಾಕಿದರೂ ನಡೆಯುತ್ತದೆ. ಅಪ್ಪೆಮಿಡಿ ತಿನ್ನುವವನಿಗೆ ಬೇಕಾದದ್ದು ಬೇರೆ. ಜೀರಿಗೆ ಮಿಡಿ ಅಂದರೆ ಮುಚ್ಚಳ ತೆಗೆದಾಗ ಜೀರಿಗೆ ಪರಿಮಳ ಬರುತ್ತಾ ಅಂತ ಅವನಿಗೆ ತಿಳಿಯಬೇಕು. ತೊಟ್ಟು ಸಮೇತ ಕೊಯ್ದದ್ದಾ, ಸೊನೆ ಉಳಿದಿದೆಯಾ, ಮರ ಹತ್ತಿ ಕೊಯ್ದದ್ದಾ, ಬಡಿದು ಉದುರಿಸಿದ್ದಾ, ಬಿದ್ದು ಪೆಟ್ಟಾದ ಮಿಡಿಯನ್ನು ಏನು ಮಾಡ್ತೀರಿ. ನೀವು ನನಗೆ ಬರೆದ ಪತ್ರದಲ್ಲಿ "ನಮ್ಮ ಅತ್ತೆ ಪ್ರತಿ ಮಿಡಿಯನ್ನೂ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಪಕ್ಕಕ್ಕೆ ಹಾಕ್ತಾರೆ, ಅದನ್ನು ಮನೆ ಖರ್ಚಿಗೆ ಇಟ್ಕೋತೀವಿ" ಅಂತ ಸುಮ್ನೆ ಒಂದು ಮಾತು ಬರೆದಿದ್ದೀರಿ. ನಿಮ್ಮ ಇಡೀ ಸೈಟಿನಲ್ಲಿ ಅದರಷ್ಟು ಮಾರುವ ಸಾಲು ಇನ್ನೊಂದಿಲ್ಲ. ಅದು ಸೈಟಿನಲ್ಲಿ ಇಲ್ಲ, ನನ್ನ ಇನ್‌ಬಾಕ್ಸಿನಲ್ಲಿದೆ!

ಹಾಗಾಗಿ ಪ್ರತಿ ಉಪ್ಪಿನಕಾಯಿಯ ಪುಟದಲ್ಲಿ ಈ ಉತ್ತರಗಳು ಇರಲಿ, ನೀವು ಫೋನಿನಲ್ಲಿ ಹೇಳುವ ಹಾಗೇ ಇರಲಿ. 'ಖಾರ ಮಧ್ಯಮ. ಬೆಳ್ಳುಳ್ಳಿ ಇಲ್ಲ. ಉಪ್ಪು, ಸಾಸಿವೆ, ಮೆಣಸಿನಪುಡಿ, ಅರಿಸಿನ ಬಿಟ್ಟು ಬೇರೇನೂ ಹಾಕುವುದಿಲ್ಲ. ಅರ್ಧ ಕೆಜಿ ಬಾಟಲಿಯಲ್ಲಿ ಇಷ್ಟರಿಂದ ಇಷ್ಟು ಮಿಡಿ.' ಎಷ್ಟು ಅಂತ ಎಣಿಸಿ ಹಾಕಿ, ಅಂದಾಜು ಬೇಡ. ಆಗದ ಉತ್ತರವನ್ನೂ ಬರೆಯಿರಿ. 'ವಿದೇಶಕ್ಕೆ ನಾವು ಕಳಿಸುವುದಿಲ್ಲ, ಆದರೆ ಊರಿಗೆ ಬಂದವರು ಸೂಟ್‌ಕೇಸಿನಲ್ಲಿ ಒಯ್ಯುವಂತೆ ಸೀಲ್ ಮಾಡಿ ಕೊಡುತ್ತೇವೆ' ಅಂದರೆ ಕೇಳುವವರಿಗೂ ಸಮಾಧಾನ, ನಿಮಗೂ ರಾತ್ರಿ ಹನ್ನೊಂದಕ್ಕೆ ಮೆಸೇಜ್ ತಪ್ಪುತ್ತದೆ. ಮಿಡಿ ಕೊಯ್ಲು ಆಗುವುದು ವರ್ಷಕ್ಕೊಂದು ಸಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಿಡಿ ಬಂದು ಉಪ್ಪಿಗೆ ಬೀಳುತ್ತದೆ ಅಂತ ಬೆಂಗಳೂರಿನಲ್ಲಿ ಬೆಳೆದವರಿಗೆ ಗೊತ್ತಿಲ್ಲ. 'ಈ ವರ್ಷದ್ದು ಇಂಥ ತಿಂಗಳಿಂದ ಸಿಗುತ್ತದೆ' ಅಂತ ಒಂದು ಸಾಲು ಹಾಕಿದರೆ 'ಔಟ್ ಆಫ್ ಸ್ಟಾಕ್' ಅನ್ನೋ ಕೆಂಪು ಪಟ್ಟಿಯೇ ಬೇಕಾಗುವುದಿಲ್ಲ, ಜನ ಕಾಯುತ್ತಾರೆ. ಕಾಯುವ ಪದಾರ್ಥಕ್ಕೆ ಬೆಲೆ ಜಾಸ್ತಿ, ಅಲ್ವಾ?

ಮುಖಪುಟದ ಮೇಲ್ಭಾಗದಲ್ಲಿ, ಫೋನಿನಲ್ಲಿ ತಳ್ಳದೇ ಕಾಣುವಷ್ಟು ಜಾಗದಲ್ಲಿ, ನಾಲ್ಕೇ ನಾಲ್ಕು ವಿಷಯ ಇರಲಿ. ಏನು ಮಾರುತ್ತೀರಿ, ಎಲ್ಲಿ ಮಾಡುತ್ತೀರಿ, ಎಲ್ಲಿಗೆ ಕಳಿಸುತ್ತೀರಿ, ತಗೊಳ್ಳಲು ಎಲ್ಲಿ ಒತ್ತಬೇಕು. 'ಸಾಗರದ ಹಳ್ಳಿ ಮನೆಯಲ್ಲಿ ಹಾಕಿದ ಅಪ್ಪೆಮಿಡಿ. ಕರ್ನಾಟಕದ ಎಲ್ಲ ಊರಿಗೂ ಕಳಿಸುತ್ತೇವೆ.' ಕೆಳಗೆ ಬಟನ್. ಮುಗೀತು. ಸರಿದಾಡುವ ಚಿತ್ರಪಟ್ಟಿ ತೆಗೆದುಹಾಕಿ. ಇದು ನನ್ನೊಬ್ಬನ ಹಟ ಅಲ್ಲ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಸೈಟಿನಲ್ಲಿ ಇಂಥ ಪಟ್ಟಿಯನ್ನು ಎಷ್ಟು ಜನ ಒತ್ತುತ್ತಾರೆ ಅಂತ ಅಲ್ಲಿನ ವೆಬ್ ವಿಭಾಗದವರೇ ಅಳೆದು 2013ರಲ್ಲಿ ಬರೆದಿದ್ದರು. ನೂರಕ್ಕೆ ಸುಮಾರು ಒಬ್ಬರು. ಒತ್ತಿದವರಲ್ಲೂ ಬಹುಪಾಲು ಮೊದಲ ಚಿತ್ರವನ್ನೇ ಒತ್ತಿದ್ದರು. ಆದರೂ ಇಲ್ಲಿ ಎಷ್ಟೋ ಸೈಟಿಗೆ ಅದೇ ಪಟ್ಟಿ, ಯಾಕಂದ್ರೆ ಮಾಲೀಕರಿಗೆ ತೋರಿಸುವಾಗ ಅದು ಚೆಂದ ಕಾಣುತ್ತದೆ. ಈ ಪಾಪದಲ್ಲಿ ನನಗೂ ಪಾಲಿದೆ. ಸುಮಾರು ಹತ್ತು ವರ್ಷದ ಹಿಂದೆ ಒಂದು ಹೋಮ್‌ಸ್ಟೇಗೆ ಸೈಟ್ ಮಾಡಿಕೊಟ್ಟಿದ್ದೆ. ಮಂಜು ತೇಲುತ್ತದೆ, ಹಕ್ಕಿ ಕೂಗುತ್ತದೆ, ಎಲ್ಲ ಇತ್ತು. ಫೋನ್ ನಂಬರ್ ಮೂರನೇ ಪುಟದ ಬುಡದಲ್ಲಿತ್ತು. ಮಾಲೀಕರು ಆರು ತಿಂಗಳು ಏನೂ ಅನ್ನಲಿಲ್ಲ, ಆಮೇಲೆ ಒಂದು ದಿನ "ಸೈಟ್ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ರೆ, ಯಾರೂ ಬರೋದಿಲ್ಲ" ಅಂದರು.

ವೇಗದ ವಿಷಯ. ನಿಮ್ಮ ಸೈಟ್ ನಿಧಾನ ಆಗಿರುವುದಕ್ಕೆ ಕಾರಣ ಹುಡುಕಲು ಎರಡು ನಿಮಿಷ ಸಾಕಾಯ್ತು. ಫೋಟೊಗಳನ್ನು ಫೋನಿನಿಂದ ತೆಗೆದು ಹಾಗೇ ಏರಿಸಿದ್ದಾರೆ. ಒಂದೊಂದೂ ನಾಲ್ಕೈದು ಎಂಬಿ, ಅಗಲ ನಾಲ್ಕು ಸಾವಿರ ಪಿಕ್ಸೆಲ್. ನೋಡುವವರ ಪರದೆ ಅಂಗೈ ಅಗಲ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಅನ್ನೋ ಹಗುರ ಫೈಲ್ ರೂಪದಲ್ಲಿ ಉಳಿಸಿದರೆ ಅದೇ ಫೋಟೊ 150, 200 ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ಕೂಶ್ ಅಂತ ಗೂಗಲ್‌ನವರದೇ ಉಚಿತ ಸಾಧನ ಇದೆ, ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ, ನಿಮ್ಮ ಮಗಳು ಕೂತರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಸುತ್ತಾಳೆ. ಮಾಡುವ ಮುಂಚೆ ಒಮ್ಮೆ, ಮಾಡಿದ ಮೇಲೆ ಒಮ್ಮೆ, ವೇಗ ಅಳೆದು ಅಂಕ ಕೊಡುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿ ನೋಡಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ನೂರಕ್ಕೆ ನೂರು ಅಂಕ ಬರಲೇಬೇಕು ಅಂತ ಅದರ ಹಿಂದೆ ಬೀಳಬೇಡಿ, ಅದು ಬೇರೆಯದೇ ಹುಚ್ಚು. ಮತ್ತೆ ಮೊಬೈಲ್ ಅಂಕ ನೋಡಿ, ಕಂಪ್ಯೂಟರ್‌ನದ್ದು ಬೇಡ. ಹುಡುಕಾಟದ ಪಟ್ಟಿಗೆ ಸೇರಿಸುವಾಗ ಗೂಗಲ್ ಕೂಡ ಈಗ ಮೊಬೈಲ್ ಪುಟವನ್ನೇ ಓದುವುದು.

ಫೋಟೊ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಿಳಿ ಹಿನ್ನೆಲೆಯಲ್ಲಿ ಮುಚ್ಚಿದ ಬಾಟಲಿ ಎಲ್ಲರ ಹತ್ತಿರವೂ ಇದೆ. ನಿಮ್ಮದು ತೆರೆದಿರಲಿ. ಒಂದು ಮಿಡಿಯನ್ನು ತೊಟ್ಟು ಹಿಡಿದು ಎತ್ತಿದ ಕೈ, ಬಾಳೆ ಎಲೆಯ ತುದಿಯಲ್ಲಿ ಮೊಸರನ್ನದ ಪಕ್ಕ ಕೂತ ಮಿಡಿ, ಅಂಗಳದಲ್ಲಿ ಚಾಪೆ ಮೇಲೆ ಒಣಗುತ್ತಿರುವ ಹಪ್ಪಳ. ಬೆಳಿಗ್ಗೆ ಎಂಟರ ಹೊತ್ತಿಗೆ ಜಗಲಿಯ ಅಂಚಿನಲ್ಲಿ ಬರುವ ಬೆಳಕು ಸಾಕು, ಫ್ಲ್ಯಾಶ್ ಬೇಡವೇ ಬೇಡ, ರಸ ಮಿಂಚಿ ಎಲ್ಲ ಹಾಳಾಗುತ್ತದೆ. ಅತ್ತೆಯವರು ಫೋಟೊಗೆ ಒಪ್ಪದಿದ್ದರೆ ಬರೀ ಕೈ ತೆಗೆಯಿರಿ. ಬಾಟಲಿ ಎಷ್ಟು ದೊಡ್ಡದು ಅಂತ ತಿಳಿಯಲು ಪಕ್ಕದಲ್ಲಿ ಒಂದು ಚಮಚ ಇಟ್ಟ ಫೋಟೊ ಒಂದು ಬೇಕು. ಪ್ಯಾಕ್ ಮಾಡಿದ ಪೆಟ್ಟಿಗೆಯ ಫೋಟೊನೂ ಹಾಕಿ, ಒಡೆಯಲ್ವಾ ಅನ್ನೋ ಪ್ರಶ್ನೆಗೆ ಅದೇ ಉತ್ತರ.

ಕನ್ನಡದ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬಂತು. ನಿಮ್ಮ 'ನಮ್ಮ ಬಗ್ಗೆ' ಪುಟದ ಕನ್ನಡ ನನ್ನ ಫೋನಿನಲ್ಲಿ ಪೌಂಡ್ ಗುರುತು, ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗಿ ಕಂಡಿತು. ನುಡಿ ತಂತ್ರಾಂಶದ ಹಳೇ ಆವೃತ್ತಿಯಲ್ಲಿ, ಯೂನಿಕೋಡ್ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿಸಿ, ಹಾಗೇ ತಂದು ಅಂಟಿಸಿದ್ದಾರೆ. ಟೈಪ್ ಮಾಡಿದವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದೆ, ಅಲ್ಲಿ ಸರಿಯಾಗೇ ಕಾಣುತ್ತದೆ, ಲೋಕದಲ್ಲಿ ಇನ್ನೆಲ್ಲೂ ಕಾಣುವುದಿಲ್ಲ. ಅಂದರೆ ಎರಡು ವರ್ಷದಿಂದ ನಿಮ್ಮ ಮನೆಯ ಕಥೆಯನ್ನು ಒಬ್ಬರೂ ಓದಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ, ಅಲ್ಲಿ ಎಡವಟ್ಟು ಆಗುವುದುಂಟು. ಹಪ್ಪಳದ ಪುಟದಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ, ಕನ್ನಡವನ್ನು ಚಿತ್ರವಾಗಿ ಹಾಕಿದ್ದಾರೆ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ಹುಡುಕಾಟಕ್ಕೆ ಹಿಡಿಯುತ್ತದೆ ಅನ್ನೋ ಭರವಸೆ ಇಲ್ಲ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಕಷ್ಟ. ಯಾರಾದ್ರೂ ಆ ಸಾಲನ್ನು ಕಾಪಿ ಮಾಡಿ ಅಕ್ಕನಿಗೆ ಕಳಿಸೋಣ ಅಂದರೆ ಅದೂ ಆಗಲ್ಲ.

ಇನ್ನೊಂದು ಸಣ್ಣ ವಿಷಯ, ಕನ್ನಡದವರಿಗೇ ಇರುವ ತೊಂದರೆ. ಟೆಂಪ್ಲೇಟ್‌ಗಳು, ಅಂದರೆ ಸೈಟಿನ ಸಿದ್ಧ ಮಾದರಿಗಳು, ಎಲ್ಲ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿದವು. ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆ ಇದ್ದರೆ 'ಅಪ್ಪೆ'ಯ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ, ಬಟನ್ನಿನ ಒಳಗಾದರೆ ಅರ್ಧ ಕತ್ತರಿಸಿ ಹೋಗುತ್ತದೆ. ನಿಮ್ಮ ಮೆನುವಿನಲ್ಲಿ ಹಾಗೇ ಆಗಿದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6, 1.7 ಪಟ್ಟು ಮಾಡಲು ಹೇಳಿ. ಅಕ್ಷರಗಳ ನಡುವೆ ಅಂತರ ಕೊಡುವ ಸೌಕರ್ಯ ಏನಿದೆಯೋ ಅದನ್ನು ಕನ್ನಡಕ್ಕೆ ಮುಟ್ಟಲೇಬೇಡಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿವೆ. ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಇಡಿ.

ಕನ್ನಡವೋ ಇಂಗ್ಲಿಷೋ ಅಂತ ಕೇಳುತ್ತೀರಿ, ಗೊತ್ತು. ಎರಡೂ. ಆದರೆ ಯಂತ್ರದ ಅನುವಾದದ ಗುಂಡಿ ಹಾಕಿ ಕೈತೊಳೆದುಕೊಳ್ಳಬೇಡಿ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರ ಮಕ್ಕಳಿಗೆ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ, ಅವರಿಗೆ ಇಂಗ್ಲಿಷ್ ಪುಟ ಬೇಕು. ಅವರ ಅಪ್ಪ ಅಮ್ಮನಿಗೆ ಕನ್ನಡ ಪುಟ ಬೇಕು. ದುಡ್ಡು ಹಾಕುವವರು ಮಕ್ಕಳು, ಯಾವ ಮಿಡಿ ಅಂತ ಹೇಳುವವರು ಅಮ್ಮ. ಇಂಗ್ಲಿಷ್ ಪುಟದಲ್ಲೂ ಮಿಡಿಯನ್ನು ಮಿಡಿ ಅಂತಲೇ ಕರೆಯಿರಿ, 'ಬೇಬಿ ಮ್ಯಾಂಗೊ' ಅಂತ ಮಾಡಿ ಅದರ ಮಾನ ಕಳೆಯಬೇಡಿ.

ಈಗ ಆರ್ಡರ್ ಹಾಕುವ ದಾರಿ. ನಿಮ್ಮ ಸೈಟಿನಲ್ಲಿ ಉಪ್ಪಿನಕಾಯಿ ತಗೊಳ್ಳಬೇಕಾದರೆ ಮೊದಲು ಖಾತೆ ತೆರೆಯಬೇಕು, ಪಾಸ್‌ವರ್ಡ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಇರಬೇಕು. ಉಪ್ಪಿನಕಾಯಿಗೆ ಪಾಸ್‌ವರ್ಡ್! ಅದನ್ನು ಇವತ್ತೇ ತೆಗೆಸಿ. ನಿಮ್ಮ ಸೈಟಿನ ಅಂಗಡಿ ನಡೆಸುವ ವೂಕಾಮರ್ಸ್ ತಂತ್ರಾಂಶದಲ್ಲಿ ಖಾತೆ ಇಲ್ಲದೇ ಕೊಳ್ಳಲು ಬಿಡುವ ಆಯ್ಕೆ ಇದೆ, ಒಂದು ಟಿಕ್‌ನ ಕೆಲಸ. ಫಾರ್ಮಿನಲ್ಲಿ ಹದಿನಾಲ್ಕು ಬಾಕ್ಸ್ ಇವೆ, ಕಂಪನಿ ಹೆಸರು, ಫ್ಯಾಕ್ಸ್ ಕೂಡ. ಹೆಸರು, ಫೋನ್, ವಿಳಾಸ, ಪಿನ್‌ಕೋಡ್ ಸಾಕು. ಫೋನ್ ಮತ್ತು ಪಿನ್‌ಕೋಡ್ ಬಾಕ್ಸ್ ಒತ್ತಿದರೆ ಅಂಕಿಯ ಕೀಲಿಮಣೆ ಬರಬೇಕು. ಬಾಕ್ಸಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನಲ್ಲಿ ಬಾಕ್ಸ್ ಮುಟ್ಟಿದ ಕೂಡಲೇ ಪುಟ ತಾನಾಗೇ ಹಿಗ್ಗಿ ಅರ್ಧ ಆಚೆ ಹೋಗುತ್ತದೆ. ನಿಮ್ಮದು 13 ಇದೆ.

ಇನ್ನು ಕೊರಿಯರ್ ಖರ್ಚು. ಬಾಟಲಿಗೆ 340 ಅಂತ ತೋರಿಸಿ, ವಿಳಾಸ ಎಲ್ಲ ತುಂಬಿಸಿಕೊಂಡು, ಕೊನೇ ಪುಟದಲ್ಲಿ 90 ಸೇರಿಸುತ್ತದೆ ನಿಮ್ಮ ಸೈಟ್. ನೀವು ಮೋಸ ಮಾಡುವ ಜನ ಅಲ್ಲ, ಆದರೆ ಆ ಹೊತ್ತಿಗೆ ಗಿರಾಕಿಗೆ ಅನ್ನಿಸುವುದು ಅದೇ. ಕೊನೇ ಗಳಿಗೆಯಲ್ಲಿ ಬೆಲೆ ಏರಿಸುವುದು, 'ಇನ್ನು ಎರಡೇ ಬಾಟಲಿ ಉಳಿದಿವೆ' ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೇಳದೇ ಬುಟ್ಟಿಗೆ ಇನ್ನೊಂದು ಸೇರಿಸುವುದು, ಇಂಥ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಹೊಸ ಸೈಟ್ ಮಾಡಲು ಬಂದವರು 'ಕೌಂಟ್‌ಡೌನ್ ಗಡಿಯಾರ ಹಾಕೋಣ' ಅಂದರೆ ಈ ಮಾತು ನೆನಪಿರಲಿ. ಬೆಲೆಯ ಪಕ್ಕದಲ್ಲೇ 'ಕೊರಿಯರ್ 90 ರೂ., ಎರಡು ಬಾಟಲಿಗೂ ಅಷ್ಟೇ' ಅಂತ ಬರೆಯಿರಿ, ನಿಮಗೆ ಲೆಕ್ಕ ಕೂರುವುದಾದರೆ. ಒಂದು ಬಾಟಲಿ ಕೊಳ್ಳಲು ಬಂದವರು ಎರಡು ಹಾಕುವ ಸಾಧ್ಯತೆ ಹೆಚ್ಚು.

ನಿಮ್ಮಂಥ ವ್ಯಾಪಾರಕ್ಕೆ ವಾಟ್ಸಾಪ್ ಬಟನ್ ಬಹಳ ಮುಖ್ಯ, ನಾಚಿಕೊಳ್ಳಬೇಡಿ. ಪ್ರತಿ ಪುಟದಲ್ಲೂ ಒಂದು, ಅದನ್ನು ಒತ್ತಿದರೆ 'ಜೀರಿಗೆ ಮಿಡಿ ಅರ್ಧ ಕೆಜಿ ಬೇಕಿತ್ತು' ಅಂತ ಮೊದಲೇ ಬರೆದ ಮೆಸೇಜ್ ತೆರೆಯಬೇಕು. ಇದಕ್ಕೆ ಸೈಟಿಗೆ ಬೇರೆ ತಂತ್ರಾಂಶ (ಪ್ಲಗಿನ್) ಜೋಡಿಸುವುದು ಬೇಡ, ಬರೀ ಒಂದು ಲಿಂಕ್ ಸಾಕು, ವಾಟ್ಸಾಪ್‌ನವರೇ ಆ ಸೌಲಭ್ಯ ಕೊಟ್ಟಿದ್ದಾರೆ. ಫೋನ್ ನಂಬರ್ ಕೂಡ ಒತ್ತಿದರೆ ಕರೆ ಹೋಗುವಂತಿರಲಿ, ಈಗ ಅದು ಚಿತ್ರದೊಳಗಿದೆ. ಫೋನಿನಲ್ಲಿ ಮಾರುವುದು ನಿಮಗೆ ಬರುತ್ತದೆ, ಸೈಟಿಗೆ ಬಂದವರನ್ನು ಫೋನಿಗೆ ಮುಟ್ಟಿಸಿದರೂ ಅದು ಗೆದ್ದ ಹಾಗೇ. ಜೊತೆಗೆ ಯಾವ ಹೊತ್ತಿನಲ್ಲಿ ಫೋನ್ ಎತ್ತುತ್ತೀರಿ ಅಂತ ಬರೆಯಿರಿ. ಕೊಟ್ಟಿಗೆ ಕೆಲಸದ ಹೊತ್ತಿಗೆ ರಿಂಗ್ ಆಗಿ ಆಗಿ ನಿಂತರೆ ಅವರು ಮತ್ತೆ ಮಾಡಲ್ಲ.

ನಂಬಿಕೆಗೆ ಬೇಕಾದ ಸಣ್ಣಪುಟ್ಟವು: ಊರಿನ ಹೆಸರು ಸಮೇತ ಪೂರ್ತಿ ವಿಳಾಸ, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ. ಇವು ಬಾಟಲಿ ಮೇಲಿದ್ದರೆ ಸಾಲದು, ಆನ್‌ಲೈನಿನಲ್ಲಿ ಮಾರುವಾಗ ಪುಟದಲ್ಲೂ ಇರಬೇಕು. ದೂರು ಹೇಳಲು ಯಾರು, ಯಾವ ನಂಬರ್ ಅಂತಲೂ ಹಾಕಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿತು ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 'ಬಾಟಲಿ ಒಡೆದು ಬಂದರೆ ಫೋಟೊ ಕಳಿಸಿ, ಬೇರೆ ಕಳಿಸುತ್ತೇವೆ' ಅಂತ ನೀವು ಹೇಗೂ ಮಾಡುತ್ತಿದ್ದೀರಿ, ಅದನ್ನೇ ಬರೆದರಾಯ್ತು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ಅಂತ ಅದರ ಲೋಗೋ ಹಾಕುವ ಆಸೆ ಇದ್ದರೆ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಮುಂಬೈ, ಪುಣೆ ಕಡೆ ಕಳಿಸುವುದಿದ್ದರೆ ಜಿಎಸ್‌ಟಿ ಮಾತು ಬರುತ್ತದೆ, ನಿಮ್ಮ ಆಡಿಟರ್ ಹತ್ತಿರ ಕೇಳಿ. ಬ್ರೌಸರಿನಲ್ಲಿ ಸೈಟಿನ ವಿಳಾಸದ ಪಕ್ಕ 'ನಾಟ್ ಸೆಕ್ಯೂರ್' (ಸುರಕ್ಷಿತ ಅಲ್ಲ) ಅಂತ ಬರುತ್ತಿದೆ, ಕ್ರೋಮ್ 2018ರಿಂದ ಹೀಗೆ ತೋರಿಸುತ್ತದೆ, ಸೈಟಿಗೆ ಸುರಕ್ಷತಾ ಪ್ರಮಾಣಪತ್ರ ಹಾಕಿದರೆ ಹೋಗುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸೇವೆಯಿಂದ ಉಚಿತವಾಗಿ ಸಿಗುತ್ತದೆ. ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಒಂದು ವಿಷಯ ಮಾತ್ರ ಮುಂದೂಡಬೇಡಿ. ಜಮೀನು ತಗೊಳ್ಳುವಾಗ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡುತ್ತೀರಲ್ಲ, ಹಾಗೇ ನಿಮ್ಮ ಸೈಟಿನ ಹೆಸರು, ಅಂದರೆ ಡೊಮೈನ್, ಯಾರ ಖಾತೆಯಲ್ಲಿದೆ ನೋಡಿ. ನನಗೆ ಪರಿಚಯದ ಒಂದು ಸೀರೆ ಅಂಗಡಿಯವರದ್ದು ಮಾಡಿಕೊಟ್ಟವನ ಹೆಸರಲ್ಲಿತ್ತು. ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ, ನವೀಕರಣ ತಪ್ಪಿತು, ಹೆಸರು ಬೇರೆ ಯಾರದ್ದೋ ಪಾಲಾಯ್ತು. ಬಿಲ್ಲು, ಬೋರ್ಡು, ಕವರು ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿತ್ತು. ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಹಾಕಿ ನಿಮ್ಮ ಖಾತೆಗೆ ಬರೆಸಿಕೊಳ್ಳಿ. ಹಾಗೇ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ನಿಮ್ಮ ಹೆಸರಲ್ಲಿರಲಿ. ಅದು ಉಚಿತ, ಮ್ಯಾಪಿನಲ್ಲಿ ಕಾಣುತ್ತೀರಿ, ಜೋಗಕ್ಕೆ ಬಂದವರು ದಾರಿ ಹುಡುಕಿಕೊಂಡು ಬರುತ್ತಾರೆ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಆ ಪ್ರೊಫೈಲ್ ಜೊತೆ ಗೂಗಲ್ ಉಚಿತ ಸೈಟುಗಳನ್ನೂ ಕೊಡುತ್ತಿತ್ತು, 2024ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು.

ಇಷ್ಟೆಲ್ಲ ಬದಲಿಸಿದ ಮೇಲೆ ಸರಿಯಾಯ್ತಾ ಅಂತ ತಿಳಿಯಲು ನನ್ನನ್ನು ಕೇಳಬೇಡಿ, ಯಾವ ಏಜೆನ್ಸಿಯವರನ್ನೂ ಕೇಳಬೇಡಿ. ಐದು ಜನ ಸಾಕು. ಸೈಟುಗಳ ಬಳಕೆಯನ್ನು ಜೀವನಪೂರ್ತಿ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 2000ದಲ್ಲೇ ಹೇಳಿದ್ದು, ಐದು ಜನರನ್ನು ಕೂರಿಸಿ ನೋಡಿದರೆ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ ಅಂತ. ನೀವು ಒಂದು ಮದುವೆ ಮನೆಗೆ ಹೋದರೆ ಐದೇನು, ಐವತ್ತು ಜನ ಸಿಗುತ್ತಾರೆ. ಸೈಟ್ ನೋಡದವರನ್ನು ಹಿಡಿಯಿರಿ. ಕನ್ನಡಕ ಹಾಕುವ ಮಾವ ಒಬ್ಬರು, ಬೆಂಗಳೂರಿನ ಹುಡುಗಿ ಒಬ್ಬಳು ಇರಲಿ. ಅವರದ್ದೇ ಫೋನ್ ಕೈಗೆ ಕೊಟ್ಟು "ಅರ್ಧ ಕೆಜಿ ಜೀರಿಗೆ ಮಿಡಿ ಆರ್ಡರ್ ಮಾಡಿ ನೋಡುವ" ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ಕಷ್ಟ. "ಅಲ್ಲ ಮಾವ, ಮೇಲೆ ನೋಡಿ" ಅಂತ ನಾಲಿಗೆ ತುದಿಗೆ ಬರುತ್ತದೆ, ಅನ್ನಬೇಡಿ. ಎಲ್ಲಿ ಅವರ ಬೆರಳು ನಿಲ್ಲುತ್ತದೋ, ಎಲ್ಲಿ ಹುಬ್ಬು ಗಂಟಾಗುತ್ತದೋ, ಬರೆದುಕೊಳ್ಳಿ. ಮೂರು ಜನ ಒಂದೇ ಜಾಗದಲ್ಲಿ ನಿಂತರೆ ಅಲ್ಲೇ ಸರಿಮಾಡುವುದಿದೆ.

ಇವೆಲ್ಲ ಸೇರಿ ಈಗಿನ ಸೈಟಿನಲ್ಲೇ ಒಬ್ಬ ಹುಡುಗ ಮೂರು ನಾಲ್ಕು ದಿನ ಕೂತು ಮಾಡುವ ಕೆಲಸ, ಬರೆಯುವುದು ನಿಮ್ಮದು. ಮುಂದಿನ ಮಿಡಿ ಕೊಯ್ಲಿನ ಒಳಗೆ ಮುಗಿಸಿ. ಆಮೇಲೆ ಮೂರು ತಿಂಗಳು ಆರ್ಡರ್ ಎಷ್ಟು, ವಾಟ್ಸಾಪ್ ಎಷ್ಟು, ಕರೆ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಾ ಹೋಗಿ. ಏನೂ ಬದಲಾಗದಿದ್ದರೆ ನನಗೆ ಬರೆಯಿರಿ, ಹೊಸ ಸೈಟಿನ ಮಾತು ಆಗ ಆಡೋಣ.

ಅಂದಹಾಗೆ, ಇದನ್ನು ಬರೆಯುವ ಮುಂಚೆ ನಾನೂ ಅರ್ಧ ಕೆಜಿ ಜೀರಿಗೆ ಮಿಡಿ ಆರ್ಡರ್ ಹಾಕಲು ಕೂತಿದ್ದೆ. ಖಾತೆ ತೆರೆದೆ, ಪಾಸ್‌ವರ್ಡ್ ಕೊಟ್ಟೆ, ಹದಿಮೂರು ಬಾಕ್ಸ್ ತುಂಬಿದೆ. ಫ್ಯಾಕ್ಸ್ ನಂಬರ್ ಕಡ್ಡಾಯ ಅಂತ ಕೆಂಪಗೆ ಬಂತು. ಸೈಟಿನ ಚಿತ್ರದಲ್ಲಿದ್ದ ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. ಹತ್ತು ಗಂಟೆಗೆ ಎತ್ತುತ್ತೀರಾ?